ಹೆಂಚು ಕೈಯಾಡಿಸಿದ ವರ್ಷ

ಆ ವರ್ಷ ಸಿದ್ದಗಂಗಮ್ಮನ ಮನೆಯಲ್ಲಿ ಮೊದಲ ಏಟು ತಿಂದದ್ದು ಒಂದು ನೀರಿನ ಕೊಡ. ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಹಿತ್ತಲಿನ ನಲ್ಲಿಯಲ್ಲಿ ತುಂಬಿಸಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಳ್ಳಲು ಹಿಂದಿನ ಕೋಣೆಯ ಬಾಡಿಗೆಯವಳು ರೇವತಿ ಬಗ್ಗಿದ್ದಳು. ಸಿದ್ದಗಂಗಮ್ಮನ ಮಗ ಶಶಿಧರ ಬಂದವನೇ ಅದನ್ನು ಒದ್ದ. ಕೊಡ ಉರುಳಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಸೀಳಿತು.

"ನಲ್ಲಿ ನಮ್ಮದು, ನೀರು ನಮ್ಮದು. ನಾಳೆಯಿಂದ ಬೇರೆ ಕಡೆ ನೋಡ್ಕಳಿ."

"ಶಶಣ್ಣ, ಹನ್ನೊಂದು ವರ್ಷದಿಂದ ಇದೇ ನಲ್ಲೀಲಿ ಹಿಡಿತಿದೀನಲ್ಲ."

"ಅದಕ್ಕೇ ಹೇಳಿದ್ದು, ಸಾಕು ಅಂತ."

ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದ ಸಿದ್ದಗಂಗಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ಹೊರಗೆ ಬಂದಳು. ಅರವತ್ತೇಳು ವರ್ಷ, ಎರಡೂ ಮಂಡಿ ನೋವು. ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ.

"ಎಂತಾ ಬಂದಿದ್ಯೋ ನಿಂಗೆ? ಹೆಣ್ಣುಮಗಳ ಕೊಡ ಒದೀತೀಯಲ್ಲ, ನಾಚಿಕೆ ಆಗಲ್ವಾ?"

"ನೀನು ಒಳಗೆ ಹೋಗಮ್ಮ. ನೀನು ಕೊಟ್ಟ ಸಲಿಗೆನೇ ಇದೆಲ್ಲ."

ಅವಳು ಒಳಗೆ ಹೋದಳು ನಿಜ, ಆದರೆ ತನ್ನ ತಾಮ್ರದ ಕೊಡವನ್ನು ತರುವುದಕ್ಕೆ. ಅದನ್ನು ನಲ್ಲಿಯ ಕೆಳಗಿಟ್ಟು, ತುಂಬುವವರೆಗೂ ಸೊಂಟಕ್ಕೆ ಕೈಕೊಟ್ಟು ನಿಂತಳು. ರೇವತಿ ಎತ್ತಿಕೊಂಡು ಹೋದ ಮೇಲೆಯೇ ಕದಲಿದಳು. ಅಷ್ಟರಲ್ಲಿ ಕಾವಲಿಯ ಮೇಲಿದ್ದ ಅಕ್ಕಿರೊಟ್ಟಿ ಕರಕಲಾಗಿತ್ತು.

ಮನೆ ಸಿದ್ದಗಂಗಮ್ಮನದು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮನೆಯಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ವಸ್ತಾರೆಯಲ್ಲಿ ಮೆಣಸಿನ ವ್ಯಾಪಾರ ಮಾಡಿಕೊಂಡಿದ್ದ ಅವಳ ಅಪ್ಪ, ಮೂಡಿಗೆರೆ ಪೇಟೆಯ ಈ ಮನೆಯನ್ನು ಮಗಳ ಅರಿಶಿನ ಕುಂಕುಮಕ್ಕೆಂದು ಅವಳ ಹೆಸರಿಗೇ ಬರೆದುಕೊಟ್ಟಿದ್ದ. ಒಂದೇ ಹೆಂಚಿನ ಮಾಡು, ನಡುವೆ ಒಂದು ಗೋಡೆ. ಮುಂದಿನ ಭಾಗದಲ್ಲಿ ಇವರು. ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗೆ ದಯಾನಂದ ಮತ್ತು ಅವನ ಹೆಂಡತಿ ರೇವತಿ. ದಯಾನಂದ ಬಾಳೂರು ಕಡೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದವನು, ಈಗ ಜೀಪು ಓಡಿಸುತ್ತಾನೆ. ರೇವತಿ ಬ್ಲೌಸ್ ಹೊಲಿಯುತ್ತಾಳೆ. ಮಕ್ಕಳಿಲ್ಲ. ಕರಾರು ಪತ್ರವೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಸಿದ್ದಗಂಗಮ್ಮನ ಗಂಡ ಬಸವರಾಜು ಎಲೆ ಅಡಿಕೆ ಕೊಟ್ಟು, "ಮಾತೇ ಕರಾರು ಕಣಪ್ಪ" ಅಂದು ಬೀಗದ ಕೈ ಕೊಟ್ಟಿದ್ದ.

ಶಶಿಧರನಿಗೆ ಆ ಎರಡು ಕೋಣೆ ಬೇಕಾಗಿತ್ತು. ನಲವತ್ತೊಂದು ವರ್ಷದೊಳಗೆ ಅವನು ಮೊಬೈಲ್ ಅಂಗಡಿ, ಬೇಕರಿ, ಜೆ.ಸಿ.ಬಿ. ಬಾಡಿಗೆ ಎಲ್ಲವನ್ನೂ ಮಾಡಿ ಮುಗಿಸಿದ್ದ. ಈಗ ದೇವರಮನೆ ಗುಡ್ಡ ನೋಡಲು ಬರುವ ಕಾರುಗಳನ್ನು ಎಣಿಸಿ, ಹಿಂದಿನ ಮನೆಯಲ್ಲಿ ಹೋಂಸ್ಟೇ ಮಾಡುತ್ತೇನೆಂದು ಕೂತಿದ್ದ. ಹಿಂದಿನ ದೀಪಾವಳಿಯ ನಂತರ ಒಂದು ತಿಂಗಳು ದಿನಾ ಊಟದ ತಟ್ಟೆಯ ಮುಂದೆ ಅದೇ ಜಗಳ. ಮನೆಯಲ್ಲಿ ಜಗಳ ಶುರುವಾದ ಕೂಡಲೇ ಬಸವರಾಜುವಿಗೆ ಲಿಂಗಪೂಜೆಯ ನೆನಪಾಗುತ್ತಿತ್ತು; ಆ ತಿಂಗಳು ಆತ ದಿನಕ್ಕೆ ಮೂರು ಸಲ ವಿಭೂತಿ ಹಚ್ಚಿದ. ಕೊನೆಗೆ ಸಿದ್ದಗಂಗಮ್ಮ, "ಆಯ್ತು, ಕಾನೂನು ಪ್ರಕಾರ ಏನಿದೆಯೋ ಅದನ್ನ ಮಾಡಿಸು, ನನ್ನ ಜೀವ ತಿನ್ಬೇಡ," ಎಂದು ಮಗನ ಜೊತೆ ವಕೀಲರ ಆಫೀಸಿಗೆ ಹೋದಳು.

ವಕೀಲ ಚಂದ್ರಶೇಖರ ಕನ್ನಡಕ ಮೇಲೆ ಸರಿಸಿ ಅವಳಿಗೇ ಹೇಳಿದ್ದರು. "ಮೊದಲು ಹದಿನೈದು ದಿನದ ನೋಟಿಸ್, ಅಮ್ಮ. ಬಿಡದಿದ್ರೆ ದಾವೆ. ಸಮನ್ಸ್ ಹೋಗ್ಬೇಕು, ಅವ್ರು ತಕರಾರು ಹಾಕ್ತಾರೆ, ಸಾಕ್ಷಿ, ವಾದ, ಆಮೇಲೆ ಡಿಕ್ರಿ. ಡಿಕ್ರಿ ಆದ್ಮೇಲೂ ಬಿಡದಿದ್ರೆ ಕೋರ್ಟ್ ಅಮೀನ್ರು ಬಂದು ಬಿಡಿಸ್ಕೊಡ್ತಾರೆ."

"ಇದಕ್ಕೆಲ್ಲ ಎಷ್ಟು ವರ್ಷ?" ಶಶಿಧರ ಕೇಳಿದ.

"ವರ್ಷ ಎರಡು ವರ್ಷ. ಆದ್ರೆ ಕೇಸು ನಿಮ್ಮದು ಗಟ್ಟಿ ಇದೆ, ಸ್ವಂತಕ್ಕೆ ಬೇಕು ಅಂತ ಕೇಳ್ತಿದೀರಿ. ಒಂದು ಮಾತು ಮಾತ್ರ ನೆನಪಿಟ್ಕಳಿ. ಅಲ್ಲಿವರ್ಗೂ ನೀರು ನಿಲ್ಸಂಗಿಲ್ಲ, ಕರೆಂಟ್ ತೆಗಿಯಂಗಿಲ್ಲ, ಬಾಗಿಲಿಗೆ ಕೈ ಹಾಕಂಗಿಲ್ಲ. ಒಂದು ಹೆಂಚು ಅಲುಗಾಡಿದ್ರೂ ಗೆದ್ದ ಕೇಸು ಕೈ ಬಿಟ್ಟು ಹೋಗ್ತದೆ."

ಸಿದ್ದಗಂಗಮ್ಮ ಸಹಿ ಹಾಕಿದಳು. ಹಾಕುವಾಗ ಅವಳಿಗೆ ಬೇಕಾಗಿದ್ದದ್ದು ಎರಡು ಕೋಣೆಯಲ್ಲ, ಹೋಂಸ್ಟೇಯೂ ಅಲ್ಲ. ಅಪ್ಪ ಕೊಟ್ಟ ಮನೆಯಲ್ಲಿ ಯಾರ ರಕ್ತವೂ ಬೀಳಬಾರದು, ಅಷ್ಟೇ. ಮಗನ ಕೈ ಎಷ್ಟು ಬೇಗ ಮೇಲೇಳುತ್ತದೆಂದು ಸೊಸೆ ರಜನಿಯ ಬೆನ್ನು ನೋಡಿದ್ದ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತೊಂಬತ್ತು ವರ್ಷ ಸುಮ್ಮನಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಮ್ಮನೆ ಅಲ್ಲ.

ನೋಟಿಸ್ ಹೋಯಿತು, ದಯಾನಂದ ಮನೆ ಬಿಡಲಿಲ್ಲ, ದಾವೆ ಬಿತ್ತು. ಕೊಡ ಒದ್ದ ಮಾರನೆಯ ವಾರ ಕೋರ್ಟಿನಲ್ಲಿ ಅದರ ವಾಯಿದೆ ಇತ್ತು. ಸಿದ್ದಗಂಗಮ್ಮ ಬೆಳಿಗ್ಗೆ ಹತ್ತಕ್ಕೆ ಹೋಗಿ ಬೆಂಚಿನ ಒಂದು ತುದಿಯಲ್ಲಿ ಕೂತಳು, ಇನ್ನೊಂದು ತುದಿಯಲ್ಲಿ ರೇವತಿ. ಮಧ್ಯಾಹ್ನದವರೆಗೂ ಹೆಸರು ಕೂಗಲಿಲ್ಲ. ಹಸಿವಾಗಿ ಸಿದ್ದಗಂಗಮ್ಮ ಚೀಲದಿಂದ ರೊಟ್ಟಿ ತೆಗೆದಳು, ಅರ್ಧ ಮುರಿದು ಆ ತುದಿಗೆ ಚಾಚಿದಳು.

"ಬೇಡಮ್ಮ, ನಿಮ್ ಮಗ ನೋಡಿದ್ರೆ..."

"ತಿನ್ನೇ. ಕೇಸು ಮನೆ ಮೇಲೆ ಹಾಕಿರೋದು, ರೊಟ್ಟಿ ಮೇಲಲ್ಲ."

ಮೂರೂವರೆಗೆ ಕೂಗಿದರು. ಎರಡು ನಿಮಿಷ. ಮುಂದಿನ ವಾಯಿದೆ ಬೇಸಿಗೆ ರಜೆ ಕಳೆದ ಮೇಲೆ.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ನಾಗಶ್ರೀ ಕಾಗದದಲ್ಲಿದ್ದ ತಾರೀಕನ್ನು ಓದಿ ಹೇಳಿದಳು. ಶಶಿಧರನ ಕೈಯಲ್ಲಿದ್ದ ಸಾರಿನ ಬಟ್ಟಲು ಗೋಡೆಗೆ ಹೋಗಿ ಬಡಿಯಿತು.

"ಜೂನಾ? ಕೋರ್ಟಿಗೂ ರಜೆನಾ? ಇವ್ರೇನು ಇಸ್ಕೂಲ್ ಮಕ್ಕಳಾ?"

"ಅಪ್ಪ, ಸಿವಿಲ್ ಕೋರ್ಟಿಗೆ ಪ್ರತಿ ವರ್ಷ..."

"ಬಾಯಿ ಮುಚ್ಚೇ! ಪಿಯುಸಿ ಓದಿ ನಂಗೆ ಕಾನೂನು ಹೇಳ್ತಾಳೆ."

"ಮಗೂ ಮೇಲೆ ಯಾಕೆ ಹಾರ್ತೀರಿ," ಎಂದು ರಜನಿ ಎದ್ದಳು. ಅಷ್ಟಕ್ಕೇ ಅವಳ ಕೆನ್ನೆಗೆ ಬಿತ್ತು. ಎಂಜಲು ಕೈಯ ಏಟು, ಅನ್ನದ ಅಗುಳು ಅವಳ ಕಿವಿಯ ಓಲೆಗೆ ಅಂಟಿಕೊಂಡಿತು. ಬಸವರಾಜು ತಟ್ಟೆಯಲ್ಲೇ ಕೈ ತೊಳೆದು ಪೂಜೆ ಕೋಣೆಗೆ ಹೋದ. ಸಿದ್ದಗಂಗಮ್ಮ ಗೋಡೆಯ ಮೇಲಿನ ಸಾರು ಒರೆಸಿದಳು. ಆ ಹೊತ್ತು ಒರೆಸುವ ಬಟ್ಟೆಯನ್ನು ಮಗನ ಮುಖಕ್ಕೆ ಎಸೆದಿದ್ದರೆ ಮುಂದಿನದು ತಪ್ಪುತ್ತಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಮೇ ಬಂತು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು ಈ ಕಡೆಯ ವಾಡಿಕೆ. ಹೆಂಚು ಇಳಿಸಿ, ಪಾಚಿ ಉಜ್ಜಿ, ಒಡೆದದ್ದನ್ನು ಬದಲಿಸಿ, ಸಂಜೆಯೊಳಗೆ ಮತ್ತೆ ಜೋಡಿಸಬೇಕು. ಮಾಡಿಸಬೇಕಾದವರು ಮನೆಯ ಯಜಮಾನರು. ಸಿದ್ದಗಂಗಮ್ಮ ನಲವತ್ತೈದು ವರ್ಷದಿಂದ ಮಾಡಿಸುತ್ತ ಬಂದಿದ್ದಳು. ಕೈಗೆ ಅಭ್ಯಾಸ, ಬಾಯಿಗೂ ಅಭ್ಯಾಸ. ಕೇಸು ನಡೆಯುತ್ತಿದೆ, ವಕೀಲರು ಏನೋ ಹೇಳಿದ್ದರು ಅನ್ನುವುದು ಆ ಹೊತ್ತಿಗೆ ತಲೆಗೆ ಬರಲೇ ಇಲ್ಲ.

"ಶಶೀ, ವಸ್ತಾರೆ ಬೊಮ್ಮಯ್ಯಂಗೆ ಹೇಳಿ ಕಳ್ಸು. ಮಳೆ ಹಿಡಿಯೋದ್ರೊಳಗೆ ಹೆಂಚು ಕೈಯಾಡಿಸ್ಬೇಕು."

ಶಶಿಧರ ಮೊಬೈಲಿನಿಂದ ತಲೆ ಎತ್ತಿದ. "ಹಿಂದಿನ ಮನೇದೂ?"

"ಮತ್ತೆ? ಒಂದೇ ಮಾಡಲ್ವೇನೋ?"

"ಆಗ್ಲಿ ಬಿಡಮ್ಮ. ಹಿಂದಿನದರಿಂದಲೇ ಶುರು ಮಾಡಿಸ್ತೀನಿ," ಅಂದ. ತುಂಬಾ ದಿನದ ಮೇಲೆ ಮಗ ಮೆತ್ತಗೆ ಮಾತಾಡಿದನೆಂದು ಮುದುಕಿ ಹಿಗ್ಗಿದಳು. ತಾನೇ ಹೋಗಿ ರೇವತಿಗೆ ಹೇಳಿ ಬಂದಳು, "ನಾಳೆ ಬೊಮ್ಮಯ್ಯ ಬರ್ತಾನೆ, ಸಾಮಾನು ಮೂಲೆಗೆ ಸರ್ಸಿ ಮೇಲೆ ಟಾರ್ಪಾಲ್ ಹೊದ್ಸಿ."

ಬೊಮ್ಮಯ್ಯ ಬೆಳಿಗ್ಗೆ ಏಳಕ್ಕೇ ಏಣಿ ಇಟ್ಟ. ಹತ್ತೂವರೆಗೆ ಹಿಂದಿನ ಮಾಡಿನ ಹೆಂಚೆಲ್ಲ ಹಿತ್ತಲ ಅಂಗಳದಲ್ಲಿ ಸಾಲುಗಟ್ಟಿತ್ತು. ಅವನು ಬೀಡಿ ಹಚ್ಚಿ, ಪಾಚಿ ಉಜ್ಜಲು ಬ್ರಷ್ ಹಿಡಿದಾಗ ಶಶಿಧರ ಬಂದ, ಹಿಂದೆ ಒಂದು ಪಿಕಪ್.

"ನಿನ್ನ ಕೆಲಸ ಆಯ್ತು ಬೊಮ್ಮಯ್ಯ. ತಗೋ ಕೂಲಿ, ಹೊರಡು. ಹೆಂಚು ಗಾಡಿಗೆ ಹಾಕು."

"ಅದ್ಯಾಕಪ್ಪ? ಇಳಿಸಿದ ಹೆಂಚು ಇಳಿಸಿದ ದಿನಾನೇ ಏರ್ಬೇಕು. ಮನೆ ಬೋಳು ತಲೇಲಿ ರಾತ್ರಿ ಕಳೀಬಾರ್ದು. ನನ್ನ ಕೈಯಲ್ಲಿ ಅದಾಗಲ್ಲ."

"ನಿನ್ನ ಕೈ ಯಾರಿಗೆ ಬೇಕೋ!" ಎಂದು ಶಶಿಧರ ಅವನನ್ನು ತಳ್ಳಿದ. ಬೊಮ್ಮಯ್ಯ ಹೆಂಚಿನ ಸಾಲಿನ ಮೇಲೆ ಕುಕ್ಕರಿಸಿದ, ಅಂಗೈ ಸೀಳಿತು. "ಅಯ್ಯೋ, ಅಮ್ಮಾವ್ರೇ!" ಎಂದು ಕೂಗಿದ.

ಸಿದ್ದಗಂಗಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಮಗ ಏಣಿ ಹತ್ತಿ ಮಾಡಿನ ಪಕಾಸಿ ಮರಗಳ ಮೇಲೆ ಕಾಲು ಅಗಲಿಸಿ ನಿಂತಿದ್ದ. ಕೈಯಲ್ಲಿ ಬೊಮ್ಮಯ್ಯನ ಕಬ್ಬಿಣದ ಹಾರೆ. ಹೆಂಚು ಕೂರುವ ರೀಪುಗಳನ್ನು ಮೀಟಿ ಮೀಟಿ ಮುರಿಯುತ್ತಿದ್ದ. ಮುರಿದ ತುಂಡುಗಳು ನೇರ ಮನೆಯೊಳಗೆ, ಟಾರ್ಪಾಲಿನ ಮೇಲೆ.

"ಶಶೀ! ಇಳಿಯೋ! ಒಳಗೆ ಜನ ಇದಾರೆ!"

"ಇರ್ಲಿ. ಈಗ ಗೊತ್ತಾಗ್ತದೆ ವಾಯಿದೆ ಅಂದ್ರೆ ಎಂತದು ಅಂತ."

ಒಳಗೆ ರೇವತಿ ಹೊಲಿಗೆ ಮಿಷನ್ನಿನ ಮೇಲೆ ಕವುಚಿಬಿದ್ದಿದ್ದಳು. ಅವಳ ಅನ್ನ ಅದು. ಟಾರ್ಪಾಲು ಹರಿದು ಮೊಳೆಯಿದ್ದ ತುಂಡೊಂದು ಅವಳ ಹಣೆಗೆ ಬಿತ್ತು. ಚೀತ್ಕಾರ ಕೇಳಿ ಬೀದಿಯಿಂದ ಓಡಿಬಂದ ದಯಾನಂದ ಹೆಂಡತಿಯ ಮುಖದ ರಕ್ತ ನೋಡಿದ. ಏಣಿಯನ್ನು ದಬದಬ ಹತ್ತಿದ. ಅವನ ಕೈ ಶಶಿಧರನ ಪಾದ ಹಿಡಿಯಿತೋ ಇಲ್ಲವೋ, ಶಶಿಧರ ಇನ್ನೊಂದು ಕಾಲಿನಿಂದ ಏಣಿಯನ್ನು ಒದ್ದ.

ಏಣಿ ಹಿಂದಕ್ಕೆ ವಾಲಿತು, ನಿಂತಂತೆ ಕಂಡಿತು, ಆಮೇಲೆ ಬಿತ್ತು. ದಯಾನಂದನ ಭುಜ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿತು. ಹಸಿ ಸೌದೆ ಮುರಿದ ಸದ್ದು. ಕಾಲರ್ ಮೂಳೆಯ ತುದಿ ಅಂಗಿಯ ಕೆಳಗೆ ಗೂಟದಂತೆ ಎದ್ದು ನಿಂತಿತ್ತು, ಬಾಯಿಂದ ರಕ್ತ ಬಂದು ಕಲ್ಲಿನ ಮೇಲೆ ಹರಿಯಿತು. ಸಿದ್ದಗಂಗಮ್ಮ ಸೆರಗನ್ನು ಉಂಡೆ ಮಾಡಿ ಅವನ ತಲೆಯ ಕೆಳಗಿಟ್ಟಳು. ಅವಳು ಬೇಡವೆಂದಿದ್ದದ್ದು ಈ ಮನೆಯಲ್ಲಿ ರಕ್ತ ಬೀಳುವುದೊಂದೇ, ಆದದ್ದೂ ಅದೇ.

ಮೇಲಿನಿಂದ ಮಗ ಹೇಳಿದ, "ಅವ್ನೇ ಬಿದ್ದಿದ್ದು. ನೀನೇ ನೋಡಿದೀಯಲ್ಲಮ್ಮ."

ಆಸ್ಪತ್ರೆಗೆ ಪೊಲೀಸಿನವರು ಬಂದರು. ದಯಾನಂದನಿಗೆ ಮಾತಾಡಲು ಆಗುತ್ತಿರಲಿಲ್ಲ. ಮೂರು ಪಕ್ಕೆಲುಬು ಮುರಿದಿದ್ದವು. ರೇವತಿಯ ಹಣೆಗೆ ಹನ್ನೊಂದು ಹೊಲಿಗೆ. ಯಾರು ನೋಡಿದಿರಿ ಎಂದು ಕೇಳಿದಾಗ ಬಸವರಾಜು, "ನಾನು ಅಂಗಡಿಗೆ ಹೋಗಿದ್ದೆ," ಅಂದ. ಅದು ನಿಜವೂ ಹೌದು, ಅವನಿಗೆ ಅನುಕೂಲವೂ ಹೌದು. ಸಿದ್ದಗಂಗಮ್ಮ ಸೆರಗಿನ ರಕ್ತದ ಕಲೆ ಉಜ್ಜುತ್ತ ಕೂತಳು. ಮಾತಾಡಿದವಳು ರಜನಿ.

"ಅಡುಗೆಮನೆ ಕಿಟಕೀಲಿ ನಾನು ನೋಡ್ದೆ ಸರ್. ನಮ್ಮನೆಯವ್ರೇ ಏಣಿ ಒದ್ದಿದ್ದು."

"ಬರೆದುಕೊಳ್ಳಬಹುದಾ ಅಮ್ಮಾ?"

"ಬರ್ಕಳಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ."

ಶಶಿಧರನನ್ನು ಆ ಸಂಜೆಯೇ ಕರೆದೊಯ್ದರು. ನಾಲ್ಕನೆಯ ದಿನ ರೇವತಿಯ ಕಡೆಯ ವಕೀಲರು ಚಿಕ್ಕಮಗಳೂರಿನಲ್ಲಿ ರಜಾಕಾಲದ ಜಡ್ಜ್ ಮುಂದೆ ತಡೆಯಾಜ್ಞೆ ಕೇಳಿದರು. ಸಿದ್ದಗಂಗಮ್ಮ ಬಸ್ಸಿನಲ್ಲಿ ಹೋದಳು, ಪಕ್ಕದಲ್ಲಿ ಚಂದ್ರಶೇಖರ.

"ಅಮ್ಮ, ಹೆಂಚು ಇಳಿಸೋಕೆ ನಾನು ಹೇಳಿಲ್ಲ ಅಂದ್ಬಿಡಿ. ಕೇಸು ಸ್ವಲ್ಪನಾದ್ರೂ ಉಳೀತದೆ."

"ಆದ್ರೆ ಹೇಳಿದ್ದು ನಾನೇ ಅಲ್ವಾ?"

"ನೀವು ಹೇಳಿದ್ದು ಕೈಯಾಡ್ಸೋಕೆ."

"ಕೋರ್ಟಿಗೂ ಅದನ್ನೇ ಹೇಳ್ತೀನಿ."

ಹೇಳಿದಳು. "ಸ್ವಾಮಿ, ಬೊಮ್ಮಯ್ಯನ್ನ ಕರೆಸಿದ್ದು ನಾನು. ಸಾಮಾನು ಸರಿಸಿ ಅಂತ ಅವ್ರಿಗೆ ಹೇಳಿದ್ದೂ ನಾನು. ನನ್ನ ಮಾತು ನಂಬಿ ಅವ್ರು ಮನೆ ಬಿಚ್ಚೋಕೆ ಬಿಟ್ರು." ಜಡ್ಜ್ ಅವಳನ್ನೇ ನೋಡಿದರು. ಮೂರು ದಿನದೊಳಗೆ ಮನೆಯ ಮಾಲೀಕರು ತಮ್ಮ ಖರ್ಚಿನಲ್ಲೇ ಹೆಂಚು ಹೊದಿಸಬೇಕು, ಬಾಡಿಗೆಯವರಿಗೆ ಯಾರೂ ತೊಂದರೆ ಕೊಡಬಾರದು ಎಂದು ಆದೇಶವಾಯಿತು. ಹೊರಗೆ ಬಂದು ಚಂದ್ರಶೇಖರ, "ಕೇಸು ಮುಗೀತು ಅಂತಲೇ ತಿಳ್ಕಳಿ," ಅಂದರು. ಸಿದ್ದಗಂಗಮ್ಮ ಬಳೆ ಅಡವಿಟ್ಟು ರೀಪು ತಂದಳು. ಬೊಮ್ಮಯ್ಯ ಅಂಗೈಗೆ ಬಟ್ಟೆ ಸುತ್ತಿಕೊಂಡೇ ಬಂದು, "ನಾನು ಇಳಿಸಿದ್ದು, ನಾನೇ ಏರಿಸ್ಬೇಕು," ಎಂದು ಕೂಲಿ ಮುಟ್ಟದೆ ಮಾಡು ಮುಚ್ಚಿದ.

ಹನ್ನೆರಡನೆಯ ದಿನ ಶಶಿಧರನಿಗೆ ಜಾಮೀನು ಸಿಕ್ಕಿತು. ಜಾಮೀನು ನಿಂತದ್ದು ಬಸವರಾಜು. "ಎಷ್ಟಾದ್ರೂ ಮಗ ಅಲ್ವೇನೇ," ಅಂದ.

ಮಗ ಮನೆಗೆ ಬಂದ. ಸ್ನಾನ ಮಾಡಿದ. ಮೂರು ರೊಟ್ಟಿ ತಿಂದ. ಕೈ ತೊಳೆದು ಬಾಗಿಲಿಗೆ ಅಗುಳಿ ಹಾಕಿದ. ಆಮೇಲೆ ರಜನಿಯ ಜುಟ್ಟು ಹಿಡಿದ.

"ಎಲ್ಲಿ ಸಹಿ ಹಾಕ್ಬೇಕು ಅಂದ್ಯಂತೆ? ಎಲ್ಲಿ ಹಾಕ್ಬೇಕು ಅಂತ ನಾನು ತೋರಿಸ್ತೀನಿ."

ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಒಂದು ಸಲ, ಎರಡು ಸಲ. ನಾಗಶ್ರೀ ಅಪ್ಪನ ತೋಳಿಗೆ ಜೋತುಬಿದ್ದು ಕಚ್ಚಿದಳು. ಅವನು ಕೊಡವಿದ ರಭಸಕ್ಕೆ ಮೂಲೆಗೆ ಹೋಗಿ ಬಿದ್ದಳು. ಬಸವರಾಜು ಪೂಜೆ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟ. ಅಲ್ಲಿಗೇ ನಿಂತ. ಆ ಮುದುಕನಿಗೆ ಅದೇನು ಅನ್ನಿಸಿತೋ, ತಿರುಗಿ ಬಂದು, "ಬಿಡೋ, ಸಾಯಿಸ್ತೀಯೇನೋ," ಎಂದು ಮಗನ ಕೈ ಹಿಡಿದ. ಎದೆಗೆ ಗುದ್ದು ಬಿತ್ತು. ಕನ್ನಡಕ ಒಂದು ಕಡೆ, ಮನುಷ್ಯ ಒಂದು ಕಡೆ.

ಸಿದ್ದಗಂಗಮ್ಮ ಒಲೆಯ ಹತ್ತಿರವಿದ್ದಳು. ಕೈಗೆ ಸಿಕ್ಕಿದ್ದು ರೊಟ್ಟಿ ಕಾವಲಿ, ಕಾದದ್ದು. ಸೆರಗಿನಲ್ಲಿ ಹಿಡಿದುಕೊಂಡು ಬಂದವಳು ಮಗನ ಬೆನ್ನಿಗೆ ಒತ್ತಿದಳು. ಅಂಗಿ ಚುರ್ರೆಂದಿತು. ಅವನು ಕಿರುಚಿಕೊಂಡು ತಿರುಗಿ, ಯಾರೆಂದೂ ನೋಡದೆ ಬೀಸಿದ. ಹೊಡೆತ ತಾಯಿಯ ದವಡೆಗೆ ಬಿತ್ತು. ಎರಡು ಹಲ್ಲು ಅಲ್ಲೇ ಉದುರಿದವು.

ಶಶಿಧರ ತನ್ನ ಕೈಯನ್ನು ನೋಡಿದ. "ಅಮ್ಮ... ನೀನು ಅಂತ ಗೊತ್ತಾಗ್ಲಿಲ್ಲ."

ಸಿದ್ದಗಂಗಮ್ಮ ಬಗ್ಗಿ ಹಲ್ಲು ಎರಡನ್ನೂ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ನಂಗೂ ಗೊತ್ತಾಗ್ಲಿಲ್ಲ ಕಣೋ, ಇಷ್ಟು ವರ್ಷ," ಅಂದಳು. ಬಾಯಿಂದ ರಕ್ತ ಜಿನುಗುತ್ತಿದ್ದರಿಂದ ಮಾತು ನೆಟ್ಟಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಊದಿದ ಮುಖದಲ್ಲೇ ಚಂದ್ರಶೇಖರರ ಆಫೀಸಿನಲ್ಲಿ ಕೂತಿದ್ದಳು, ಜೊತೆಗೆ ತಲೆಗೆ ಪಟ್ಟಿ ಕಟ್ಟಿದ ರಜನಿ. ದಯಾನಂದನ ಮೇಲಿನ ದಾವೆ ವಾಪಸ್ ತೆಗೆಯಲು ಮೊದಲು ಸಹಿ ಹಾಕಿದಳು.

"ಇನ್ನೊಂದು ಕೇಸು ಹಾಕ್ಬೇಕು ಲಾಯರ್ರೇ. ಮನೆ ಬಿಡಿಸೋ ಕೇಸೇ."

"ಯಾರನ್ನಮ್ಮಾ?"

"ಶಶಿಧರ. ತಂದೆ ಹೆಸರು ಬಸವರಾಜು. ನನ್ನ ಮನೆ ಮುಂದಿನ ಭಾಗದಲ್ಲಿದಾನೆ. ಬಾಡಿಗೆ ಕೊಡಲ್ಲ, ಕರಾರು ಇಲ್ಲ."

ಚಂದ್ರಶೇಖರ ಪೆನ್ನು ಕೆಳಗಿಟ್ಟರು. "ಹಿರಿಯ ನಾಗರಿಕರ ಕಾಯ್ದೆ ಇದೆ. ಚಿಕ್ಕಮಗಳೂರಲ್ಲಿ ಅಸಿಸ್ಟೆಂಟ್ ಕಮಿಷನರ್, ಎ.ಸಿ. ಸಾಹೇಬ್ರಿಗೆ ಅರ್ಜಿ. ಆದ್ರೆ ಯೋಚ್ನೆ ಮಾಡಿ ಅಮ್ಮ. ಒಬ್ನೇ ಮಗ. ಪೊಲೀಸ್ರಿಗೆ ಹೇಳಿದ್ರೆ ಜಾಮೀನು ರದ್ದಾಗ್ತದೆ, ಅಷ್ಟು ಸಾಕಲ್ವಾ?"

"ಅದನ್ನ ರಜನಿ ಬೆಳಿಗ್ಗೆನೇ ಹೇಳಿ ಬಂದಿದಾಳೆ. ಅವ್ರ ಕೆಲಸ ಅವ್ರು ಮಾಡ್ಲಿ. ಆದ್ರೆ ಜೈಲಿಗೆ ಹೋದವ್ನು ಒಂದಿನ ತಿರುಗಿ ಬರ್ತಾನೆ. ಬಂದಾಗ ಈ ಮನೆ ಬಾಗ್ಲಿಗೆ ಬರ್ಬಾರ್ದು. ಬರೀರಿ."

ಪೊಲೀಸಿನವರು ಅರ್ಜಿ ತೆಗೆದುಕೊಂಡರು, ಜಾಮೀನು ರದ್ದಿಗೆ ಕೋರ್ಟಿನಲ್ಲಿ ಕೇಳಬೇಕು, ತಾರೀಕು ಬರುತ್ತದೆ ಅಂದರು. ಅಲ್ಲಿಯವರೆಗೆ ಅವನು ಮನೆಯಲ್ಲೇ ಇದ್ದ, ಬೆನ್ನಿಗೆ ಮುಲಾಮು ಹಚ್ಚಿಕೊಂಡು, ಯಾರ ಮುಖವನ್ನೂ ನೋಡದೆ. ರಜನಿ, ನಾಗಶ್ರೀ ಇಬ್ಬರೂ ಗೋಡೆಯಾಚೆ ರೇವತಿಯ ಕೋಣೆಯಲ್ಲಿ ಮಲಗುತ್ತಿದ್ದರು. ಸಿದ್ದಗಂಗಮ್ಮ ಹೊತ್ತು ಹೊತ್ತಿಗೆ ಮಗನಿಗೆ ತಟ್ಟೆ ಇಟ್ಟಳು, ಮಾತು ಮಾತ್ರ ಇಡಲಿಲ್ಲ.

ಒಂಬತ್ತನೆಯ ದಿನ, ಬೆಳಗಿನ ತಿಂಡಿಯ ಹೊತ್ತಿಗೆ, ಎ.ಸಿ. ಕಚೇರಿಯ ನೋಟಿಸ್ ಬಂತು. ತಂದವನು ಶಶಿಧರನಿಂದಲೇ ಸಹಿ ಹಾಕಿಸಿಕೊಂಡು ಹೋದ. ಶಶಿಧರ ಲಕೋಟೆ ಒಡೆದು ಓದಿದ. ಮತ್ತೆ ಮೊದಲಿನಿಂದ ಓದಿದ. ಸಿದ್ದಗಂಗಮ್ಮ ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಪಕ್ಕಕ್ಕೆ ಕಾಯಿ ಚಟ್ನಿ ಬಡಿಸಿದಳು.

"ಅಪ್ಪ, ನೋಡಿದ್ಯಾ ಇದನ್ನ? ಅಮ್ಮಂಗೆ ತಲೆ ಕೆಟ್ಟಿದೆ. ನೀನಾದ್ರೂ ಹೇಳು."

ಬಸವರಾಜು ಎದ್ದು ಪೂಜೆ ಕೋಣೆಗೆ ಹೋಗಲಿಲ್ಲ. ತಲೆ ಬಗ್ಗಿಸಿಕೊಂಡೇ, "ಅರ್ಜೀಲಿ ಎರಡನೇ ಸಹಿ ನಂದು," ಅಂದ.

ಶಶಿಧರ ತಾಯಿಯ ಕಡೆ ತಿರುಗಿದ. ಅವನ ಕಣ್ಣು ಕೆಂಪಗಾಗಿತ್ತು, ಆದರೆ ಕೈ ಮೇಲೇಳಲಿಲ್ಲ. "ನನ್ನ ಮನೆಯಿಂದ ನನ್ನನ್ನೇ ಹಾಕ್ತೀಯಾ?"

"ನನ್ನ ಮನೆ ಶಶೀ. ಹೆದರ್ಬೇಡ. ನಿಂಗೆ ನೀರು ನಿಲ್ಸಲ್ಲ, ಕರೆಂಟ್ ತೆಗಿಯಲ್ಲ, ನಿನ್ನ ತಲೆ ಮೇಲಿನ ಒಂದು ಹೆಂಚೂ ಮುಟ್ಟಲ್ಲ. ಆರ್ಡರ್ ಬರೋವರ್ಗೂ ಹೊಟ್ಟೆಗೂ ಹಾಕ್ತೀನಿ. ಬಂದ ದಿನ ಮಾತ್ರ ಹೊರಡ್ಬೇಕು."

ಹೇಳುತ್ತ ಹೇಳುತ್ತ ಅವಳಿಗೆ ಅಳು ಒತ್ತರಿಸಿ ಬಂತು. ತಡೆಯಲಿಲ್ಲ, ಮುಖವನ್ನೂ ಮುಚ್ಚಿಕೊಳ್ಳಲಿಲ್ಲ. ಹಲ್ಲಿಲ್ಲದ ಸಂದಿನಿಂದ ಉಸಿರು ಸುಯ್ಯೆಂದು ಹೋಗುತ್ತಿತ್ತು. ಅಳುತ್ತಲೇ ಇನ್ನೊಂದು ರೊಟ್ಟಿ ತಂದು ಹಾಕಿದಳು.

ಶಶಿಧರ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಎಷ್ಟು ದಿನ ಕೊಟ್ಟಿದಾರೆ?"

"ಹಾಜರಾಗೋಕೆ ಹದಿನೈದು ದಿನ," ಅಂದಳು ಸಿದ್ದಗಂಗಮ್ಮ. "ನೀನು ದಯಾನಂದಂಗೆ ಕೊಡಿಸಿದ್ಯಲ್ಲ, ಅಷ್ಟೇ."